ಸಹಾಯ ಬೇಕು: ವಾರ್ಡ್ ಸಮಿತಿ ನಡಾವಳಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದ ಕಡೆ ನಮ್ಮ ಅಡ್ಡರಸ್ತೆಯಲ್ಲಿ ಗಟ್ಟಿಮುಟ್ಟಾಗಿದ್ದ ಚಪ್ಪಡಿಗಳನ್ನ ಕಿತ್ತುಹಾಕಿ ಮತ್ತೆ ಚರಂಡಿ ಕೆಲಸ ಶುರು ಮಾಡಿದ್ದಾರೆ. ಹಿಂದಿನ ರಸ್ತೆಯಲ್ಲಿ ಜೋರು ಮಳೆ ಬಂದರೆ ಅಡುಗೆಮನೆವರೆಗೂ ನೀರು, ಅಲ್ಲಿಗೆ ಮಾತ್ರ ದುಡ್ಡಿಲ್ಲವಂತೆ! ಯಾರನ್ನ ಕೇಳಿ ತೀರ್ಮಾನ ಮಾಡಿದಿರಿ ಅಂದರೆ ‘ಮೇಲಿಂದ ಬಂದಿದೆ’ ಅನ್ನುತ್ತಾರೆ.

2020ರ ಸೆಪ್ಟೆಂಬರ್‌ಗೆ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಆದರೆ 3 ಲಕ್ಷ ಜನಸಂಖ್ಯೆ ದಾಟಿದ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243ಎಸ್ ವಿಧಿಯೇ ಹೇಳುತ್ತೆ. ನಮ್ಮ ಬೀದಿಯ ಕೆಲಸ ನಮ್ಮನ್ನ ಕೇಳದೆ ಆಗಬಾರದು ಅನ್ನೋದೇ ನನ್ನ ಹಟ.

ಸಭೆಯ ನಡಾವಳಿ, ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ ಬೇಕು. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ, ಇಷ್ಟು ಗೊತ್ತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾದರೆ ಮೂರನ್ನೂ ಒಟ್ಟಿಗೆ ಕೇಳಬಹುದಾ, ಬೇರೆ ಬೇರೆ ಹಾಕಬೇಕಾ? ಬೆಂಗಳೂರು ಪಾಲಿಕೆಯನ್ನ ಐದು ಪಾಲಿಕೆಗಳಾಗಿ ಒಡೆದ ಮೇಲೆ ಹಳೇ ಕಡತ ಯಾರ ಹತ್ತಿರ ಇರುತ್ತೆ?

ಸೋಮವಾರ ಅರ್ಜಿ ಕೊಡಬೇಕು ಅಂತಿದ್ದೀವಿ. ಹಾಕಿದ ಅರ್ಜಿಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ, ಹೆಸರು, ವಿಳಾಸ ಮುಚ್ಚಿ ಇಲ್ಲೇ ಹಾಕಿ, ದಯವಿಟ್ಟು.