ವಾರವಿಡೀ ದುಡಿದು ಸೂಪರ್‌ಹೀರೋ ಸಿನಿಮಾಗೆ ಹೋದೆವು, ನಿರಾಸೆಯಾಯಿತು. ನೀವೆಲ್ಲ ಹೇಗೆ ಆರಿಸುತ್ತೀರಿ?

ಪ್ರಶ್ನೆ, ಬೆಂಗಳೂರಿನಿಂದ

ಆಫೀಸಿನಲ್ಲಿ ರಿಲೀಸ್ ವಾರ. ದಿನಾ ರಾತ್ರಿ ಕಾಲ್, ಊಟಕ್ಕೆ ಹೊತ್ತುಗೊತ್ತಿಲ್ಲ. ಶುಕ್ರವಾರ ಲ್ಯಾಪ್‌ಟಾಪ್ ಮುಚ್ಚಿದ್ದೇ ತಡ, ನಾನೂ ನಮ್ಮ ಯಜಮಾನರೂ ಸೆಕೆಂಡ್ ಶೋಗೆ ಓಡಿದೆವು. ಹೊಸ ಸೂಪರ್‌ಹೀರೋ ಸಿನಿಮಾ, ಹೆಸರು ಬೇಡ ಬಿಡಿ. ಒಬ್ಬನೇ ಹೀರೋ, ಲೋಕಕ್ಕೊಂದು ಅವತಾರ. ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಇವರು ಇಂಟರ್ವಲ್‌ಗೆ ಮುಂಚೆಯೇ ಗೊರಕೆ. ನನಗೆ ಅತ್ತ ಸಿನಿಮಾನೂ ಇಲ್ಲ, ಇತ್ತ ನಿದ್ದೆಯೂ ಇಲ್ಲ. ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಅಂತ ಜೇಬು ಮಾತ್ರ ಖಾಲಿ. ಇಂಥದ್ದನ್ನು ಮೊದಲೇ ಪತ್ತೆ ಹಚ್ಚೋಕೆ ದಾರಿ ಇದೆಯಾ? ಮಧ್ಯದಲ್ಲಿ ಎದ್ದು ಬರುವವರು ಯಾರಾದರೂ ಇದ್ದೀರಾ?

ಮೈಸೂರಿನಿಂದ

ಮೇಡಂ, ಸಿನಿಮಾಗಿಂತ ಮೊದಲು ಶೋ ಬದಲಾಯಿಸಿ. ನಾವು ಶುಕ್ರವಾರ ರಾತ್ರಿ ಹೋಗುವುದೇ ಇಲ್ಲ. ಚೆನ್ನಾಗಿ ನಿದ್ದೆ ಮಾಡಿ ಶನಿವಾರ ಬೆಳಗಿನ ಶೋಗೆ ಹೋಗುತ್ತೇವೆ. ಅಷ್ಟರೊಳಗೆ ಹೇಗಿದೆ ಅಂತ ಬಾಯಿಂದ ಬಾಯಿಗೆ ಸುದ್ದಿ ಬಂದಿರುತ್ತದೆ, ಪಾರ್ಕಿಂಗ್ ಕೂಡ ಸಿಗುತ್ತದೆ.

ಇನ್ನೊಂದು, ಬುಕ್ ಮಾಡುವಾಗ ಸಿನಿಮಾ ಎಷ್ಟು ಹೊತ್ತಿನದು ನೋಡಿ. ಅಮೆರಿಕದ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸಿನಿಮಾಗಳಲ್ಲೇ 2019ರ ‘ಎಂಡ್‌ಗೇಮ್’ 181 ನಿಮಿಷ, 2023ರ ‘ದಿ ಮಾರ್ವೆಲ್ಸ್’ 105 ನಿಮಿಷ. ಸುಸ್ತಾದವರಿಗೆ ಇದು ದೊಡ್ಡ ವ್ಯತ್ಯಾಸ. ಇದರ ಮೇಲೆ ಜಾಹೀರಾತು, ಇಂಟರ್ವಲ್ ಬೇರೆ. 25 ನಿಮಿಷ ಜಾಹೀರಾತು ತೋರಿಸಿ ಸಮಯ ಹಾಳು ಮಾಡಿದರು ಅಂತ ಬೆಂಗಳೂರಿನಲ್ಲೇ ಒಬ್ಬರು ಗ್ರಾಹಕ ನ್ಯಾಯಾಲಯಕ್ಕೆ ಹೋಗಿದ್ದರು. 2025ರ ಫೆಬ್ರವರಿಯಲ್ಲಿ ಅವರ ಪರ ತೀರ್ಪೂ ಬಂತು. ಮುಂದಿನ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು ಅನ್ನಿ. ಅಂದರೆ ಹತ್ತು ಗಂಟೆಯ ಶೋ ಅಂದರೆ ಹತ್ತೂ ಇಪ್ಪತ್ತು ಅಂತಲೇ ಲೆಕ್ಕ ಹಾಕಿ.

ಬೆಂಗಳೂರು, ವಿಎಫ್‌ಎಕ್ಸ್ ಕೆಲಸದವನು

ಮೊದಲೇ ಪತ್ತೆ ಹಚ್ಚುವುದು ಹೇಗೆ ಅಂತ ಕೇಳಿದ್ದೀರಲ್ಲ, ಅದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಸಿನಿಮಾ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ವಿಎಫ್‌ಎಕ್ಸ್‌ನಲ್ಲಿ ನನ್ನದು ರೋಟೊ ಕೆಲಸ. ನಟನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವುದು. ಸೆಕೆಂಡಿಗೆ 24 ಫ್ರೇಮ್. ಕೂದಲು ಹಾರಾಡುತ್ತಿದ್ದರೆ, ಬೆರಳುಗಳ ಮಧ್ಯೆ ಹೊಗೆ ನುಗ್ಗಿದ್ದರೆ ಒಂದೇ ಶಾಟಿಗೆ ದಿನಗಟ್ಟಲೆ ಕೂರಬೇಕು. ಎಲ್ಲ ಬಿಡಿಸಿ ಕಳಿಸಿದ ಮೇಲೆ ಸಿನಿಮಾದವರ ಕಡೆಯಿಂದ ಮೇಲ್ ಬರುತ್ತದೆ: ಶಾಟ್ ಬದಲಾಗಿದೆ, ಹೊಸದು ಕಳಿಸುತ್ತೇವೆ. ರಿಲೀಸ್ ತಾರೀಖು ಮಾತ್ರ ಬದಲಾಗಿರುವುದಿಲ್ಲ.

ಇಂಥ ಸಿನಿಮಾಗಳಲ್ಲಿ ಕೊನೆಯ ಅರ್ಧ ಗಂಟೆ ಎಲ್ಲ ಬೂದು ಬಣ್ಣ, ಧೂಳು, ಕತ್ತಲೆ ಯಾಕೆ ಅಂತ ಯೋಚಿಸಿದ್ದೀರಾ? ಎಷ್ಟೋ ಸಲ ಕ್ಲೈಮ್ಯಾಕ್ಸ್ ಏನು ಅನ್ನುವುದೇ ಕೊನೆಯಲ್ಲಿ ತೀರ್ಮಾನವಾಗುತ್ತದೆ. ಧೂಳೆಬ್ಬಿಸಿದರೆ ಅರೆಬೆಂದ ಕೆಲಸ ಅಷ್ಟಾಗಿ ಕಾಣುವುದಿಲ್ಲ. ಸುಮ್ನೆ ಕಲಾವಿದರನ್ನು ಬೈಯಬೇಡಿ. ಮಾರ್ವೆಲ್‌ನ ವಿಎಫ್‌ಎಕ್ಸ್ ಕೆಲಸಗಾರರು 2023ರಲ್ಲಿ ಯೂನಿಯನ್ ಕಟ್ಟಲು ಮತ ಹಾಕಿದ್ದು ಸುಮ್ಮಸುಮ್ಮನೆ ಅಲ್ಲ.

ನಾನು ನೋಡುವ ಗುರುತು ಒಂದೇ. ನಿರ್ದೇಶಕರು ಮಧ್ಯದಲ್ಲಿ ಬದಲಾಗಿ, ಮತ್ತೆ ಶೂಟಿಂಗ್ ನಡೆದಿದೆಯಾ? ಬರೀ ರೀಶೂಟ್ ಆದರೆ ತಪ್ಪೇನಿಲ್ಲ, ದೊಡ್ಡ ಸಿನಿಮಾಗಳಲ್ಲಿ ಅದು ಮಾಮೂಲು. ಎರಡೂ ಸೇರಿದರೆ ಹುಷಾರು. 2017ರ ‘ಜಸ್ಟೀಸ್ ಲೀಗ್’ ನೋಡಿ. ಮನೆಯಲ್ಲಿ ಸಾವಾಗಿ ನಿರ್ದೇಶಕ ಜ್ಯಾಕ್ ಸ್ನೈಡರ್ ಹಿಂದೆ ಸರಿದರು, ಉಳಿದದ್ದನ್ನು ಜಾಸ್ ವೀಡನ್ ಮತ್ತೆ ಶೂಟಿಂಗ್ ಮಾಡಿ ಮುಗಿಸಿದರು. ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಅಷ್ಟು ಹೊತ್ತಿಗೆ ಬೇರೆ ಸಿನಿಮಾಗಾಗಿ ಮೀಸೆ ಬಿಟ್ಟಿದ್ದರು, ಬೋಳಿಸುವ ಹಾಗಿರಲಿಲ್ಲ. ಕೊನೆಗೆ ಮೀಸೆಯನ್ನು ಕಂಪ್ಯೂಟರಿನಲ್ಲೇ ಅಳಿಸಿದರು. ಆ ಮೇಲ್ತುಟಿ ಗಮನಿಸಿ, ಹಲ್ಲಿನ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಹಾಗಿದೆ. ಸ್ನೈಡರ್ ತಮ್ಮ ಆವೃತ್ತಿಯನ್ನು 2021ರಲ್ಲಿ ತಂದರು. ನಾಲ್ಕು ಗಂಟೆಗಿಂತ ಜಾಸ್ತಿ. ಉದ್ದ ಹೌದು, ಆದರೆ ಯಾರಿಗೆ ಏನು ಬೇಕು ಅನ್ನುವುದಾದರೂ ತಿಳಿಯುತ್ತದೆ. ರಜೆಯಲ್ಲಿ ಮನೆಯಲ್ಲಿ ನೋಡಿ, ಶುಕ್ರವಾರ ರಾತ್ರಿ ಮಾತ್ರ ಬೇಡ.

ಹುಬ್ಬಳ್ಳಿಯಿಂದ

ಎದ್ದು ಬರುವವರಲ್ಲಿ ನಾನೂ ಒಬ್ಬ. ಕೂತರೂ ದುಡ್ಡು ವಾಪಸ್ ಬರುವುದಿಲ್ಲ, ಎದ್ದರೂ ಬರುವುದಿಲ್ಲ. ನಿದ್ದೆಯಾದರೂ ಉಳಿಯುತ್ತದೆ ಅಲ್ವಾ? ಇಂಗ್ಲಿಷ್ ಸಿನಿಮಾಗಳನ್ನು ಇಂಟರ್ವಲ್ ಇಟ್ಟುಕೊಂಡು ಬರೆದಿರುವುದಿಲ್ಲ. ನಮ್ಮ ಥಿಯೇಟರಿನವರು ಎಲ್ಲೋ ಒಂದು ಕಡೆ ಕತ್ತರಿಸುತ್ತಾರೆ, ಹೀರೋ ಬಾಯಿ ತೆರೆದಿರುವಾಗಲೇ ಲೈಟ್ ಹತ್ತುತ್ತದೆ. ಆಗ ಪಕ್ಕದವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ‘ವಿಲನ್‌ಗೆ ಏನು ಬೇಕಂತೆ?’ ಉತ್ತರ ಬರದಿದ್ದರೆ ಬೈಕ್ ಕೀ ಕೈಗೆ.

ಶಿವಮೊಗ್ಗ, ಇಬ್ಬರು ಮಕ್ಕಳ ತಾಯಿ

ನಿಮಗೆ ಎದ್ದು ಬರುವ ಸ್ವಾತಂತ್ರ್ಯ ಇದೆ. ನಮ್ಮ ಮಕ್ಕಳ ಜೊತೆ ಹೋದರೆ ಕ್ರೆಡಿಟ್ಸ್ ಮುಗಿಯುವವರೆಗೂ ಕದಲುವ ಹಾಗಿಲ್ಲ. ಒಂದು ಮಾತು ಸೇರಿಸುತ್ತೇನೆ, ಭಾಷೆ ನೋಡಿ ಬುಕ್ ಮಾಡಿ. 2023ರ ‘ಸ್ಪೈಡರ್‌ವರ್ಸ್’ ಸಿನಿಮಾ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು, ಆದರೆ ನಮಗೆ ಹೊಂದುವ ಸಮಯಕ್ಕೆ ಹಿಂದಿ ಶೋ ಮಾತ್ರ. ದಣಿದ ತಲೆಗೆ ಅರ್ಥವಾಗದ ಭಾಷೆಯ ಮಾತೂ ಸೇರಿದರೆ ಕಥೆ ಮುಗಿಯಿತು.

ಮಂಗಳೂರಿನಿಂದ

ಅಕ್ಕ, ಶುಕ್ರವಾರ ರಾತ್ರಿಯೇ ನೋಡಬೇಕು ಅಂತಿದ್ದರೆ ಮನೆಯಲ್ಲೇ ನೋಡಿ. 2021ರ ಮಲಯಾಳಂ ‘ಮಿನ್ನಲ್ ಮುರಳಿ’ ನೆಟ್‌ಫ್ಲಿಕ್ಸ್‌ಗೆ ಬಂದಾಗ ಕನ್ನಡದಲ್ಲೂ ಇತ್ತು. ಸಿಡಿಲು ಹೊಡೆದು ಶಕ್ತಿ ಬಂದ ಹಳ್ಳಿಯ ಟೈಲರ್ ಹೀರೋ. ಅದೇ ಸಿಡಿಲು ಚಹಾ ಅಂಗಡಿಯಲ್ಲಿ ಕೆಲಸ ಮಾಡುವ ಇನ್ನೊಬ್ಬನಿಗೂ ಹೊಡೆದಿರುತ್ತದೆ. ಅವನಿಗೆ ಏನು ಬೇಕು ಅನ್ನುವುದು ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ ಅಂದರೆ, ಹೀರೋ ಗೆದ್ದಾಗ ನಮಗೇ ಬೇಜಾರು. ಹುಬ್ಬಳ್ಳಿಯವರ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ. ನಿದ್ದೆ ಬಂದರೆ ಪಾಜ್ ಒತ್ತಿ ಮಲಗಬಹುದು.

ಬೆಂಗಳೂರು, ರಾಜಾಜಿನಗರ

ಎಲ್ಲರೂ ಬೈದರು, ನಾನು ಸ್ವಲ್ಪ ಪರವಾಗಿ ಮಾತಾಡುತ್ತೇನೆ. ಕಾಲೇಜಿನ ಹಳೇ ಗೆಳೆಯರು ಸೇರಿ ಕೆಟ್ಟ ಸೂಪರ್‌ಹೀರೋ ಸಿನಿಮಾಗೇ ಹುಡುಕಿಕೊಂಡು ಹೋಗುತ್ತೇವೆ. ಹೊರಗೆ ಬಂದು ಇಡ್ಲಿ ತಿನ್ನುತ್ತಾ ಅದನ್ನು ಹರಿದು ಹಂಚುವುದರಲ್ಲಿ ಇರುವ ಮಜಾ ಒಳ್ಳೆಯ ಸಿನಿಮಾದಲ್ಲಿ ಇಲ್ಲ. ಆದರೆ ಅದಕ್ಕೆ ಜನ ಬೇಕು. ಇಬ್ಬರೇ ಹೋಗಿ ಒಬ್ಬರು ಗೊರಕೆ ಹೊಡೆದರೆ ಆಗುವುದಿಲ್ಲ. ನಿಮ್ಮ ಯಜಮಾನರಿಗೆ ಮುಂದಿನ ಸಲ ಮಧ್ಯಾಹ್ನವೇ ಒಂದು ನಿದ್ದೆ ಮಾಡಿಸಿ.

ಹಾಂ, ಸೆಕೆಂಡ್ ಶೋ ಬಿಡುವಾಗ ಮೆಟ್ರೋ ನಿಂತಿರುತ್ತದೆ. ಕ್ರೆಡಿಟ್ಸ್ ಆದಮೇಲೆ ಏನಾದರೂ ತುಣುಕು ಇದೆಯಾ ಅಂತ ಮೊದಲೇ ಫೋನಿನಲ್ಲಿ ನೋಡಿಕೊಳ್ಳಿ. ಇಲ್ಲ ಅಂತಾದರೆ ಹೆಸರುಗಳು ಶುರುವಾದ ಕೂಡಲೇ ಆಟೋ ಬುಕ್ ಮಾಡಿ. ಎಲ್ಲರೂ ಒಟ್ಟಿಗೆ ಹೊರಗೆ ಬಂದ ಮೇಲೆ ರೇಟು ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು.