‘ಸ್ಕೇಲ್ ಅಪ್’ಗೆ ‘ವಿಸ್ತರಣೆ’ ಸಾಕೇ? ಜೊತೆಗೆ ಪೈಲಟ್, ಟ್ರಯಲ್, ಟ್ರಾಂಚ್

ಗೆಳೆಯರೇ, ನಮಸ್ಕಾರ.

ಅಭಿವೃದ್ಧಿ ಕೆಲಸಗಳಲ್ಲಿ ಹೊಸ ವಿಧಾನಗಳಿಗೆ ಹಣ ಕೊಡುವ ನಿಧಿಯೊಂದರ ಅರ್ಜಿ ನಮೂನೆ, ಒಪ್ಪಂದದ ಕರಡು, ಮೌಲ್ಯಮಾಪಕರ ಕೈಪಿಡಿ ಇವಿಷ್ಟು ಕನ್ನಡಕ್ಕೆ ಬರಬೇಕಿದೆ. ಕರಡಿನಲ್ಲಿ ‘ಸ್ಕೇಲ್ ಅಪ್’ ಎಂಬುದು ಎಲ್ಲ ಕಡೆಯೂ ‘ವಿಸ್ತರಣೆ’ ಆಗಿದೆ. ಅರ್ಜಿಯ ಮುಖ್ಯ ಪ್ರಶ್ನೆಯಾದ ‘ಪಾಥ್‌ವೇ ಟು ಸ್ಕೇಲ್’ ಮಾತ್ರ ‘ಪ್ರಮಾಣದ ಕಡೆಗೆ ನಿಮ್ಮ ಹಾದಿ ಯಾವುದು?’ ಎಂದಾಗಿದೆ. ಓದಿದವರಿಗೆ ಏನೂ ಹೊಳೆಯುವುದಿಲ್ಲ. ‘ಪೈಲಟ್’, ‘ಟ್ರಯಲ್’ ಎರಡಕ್ಕೂ ‘ಪ್ರಾಯೋಗಿಕ’ ಎಂದೇ ಇದೆ. ಗ್ರಾಂಟ್, ಟ್ರಾಂಚ್, ಮ್ಯಾಚಿಂಗ್ ಪದಗಳಿಗೂ ಗಟ್ಟಿಯಾದ ಕನ್ನಡ ಬೇಕು. ‘ಇನ್ನೋವೇಶನ್’ಗೆ ‘ನಾವೀನ್ಯತೆ’ ಎಂದು ಬರೆದರೆ ಆದೀತೇ? ಬಲ್ಲವರು ದಯವಿಟ್ಟು ತಿಳಿಸಿ.

*

ನಮಸ್ಕಾರ. ‘ವಿಸ್ತರಣೆ’ಯನ್ನು ಒಪ್ಪಂದದ ಕರಡಿನಿಂದಲಾದರೂ ಮೊದಲು ತೆಗೆದುಬಿಡಿ. ಕಚೇರಿ ಕನ್ನಡದಲ್ಲಿ ಅದಕ್ಕೆ ಆಗಲೇ ಎರಡು ಕೆಲಸ ಇವೆ. ‘ಕೃಷಿ ವಿಸ್ತರಣೆ’ ಎಂದರೆ ರೈತರಿಗೆ ತಿಳಿವಳಿಕೆ ಮುಟ್ಟಿಸುವುದು. ‘ಅವಧಿ ವಿಸ್ತರಣೆ’ ಎಂದರೆ ಗಡುವು ಮುಂದಕ್ಕೆ ಹಾಕುವುದು. ‘ಅನುದಾನ ವಿಸ್ತರಣೆ ಕೋರಿ ಅರ್ಜಿ’ ಎಂದು ಬರೆದರೆ ಲೆಕ್ಕಪತ್ರ ನೋಡುವವರು ಅದನ್ನು ‘ಇನ್ನಾರು ತಿಂಗಳು ಕೊಡಿ’ ಎಂದೇ ಓದುತ್ತಾರೆ. ನೀವು ಹೇಳಹೊರಟದ್ದು ಹತ್ತು ಊರಿನ ಕೆಲಸ ಸಾವಿರ ಊರಿಗೆ ಹೋಗಲಿ ಎಂದು. ಹಣದ ಪತ್ರದಲ್ಲಿ ಈ ಗೊಂದಲ ಸಣ್ಣದಲ್ಲ.

‘ಸ್ಕೇಲ್’ ಎಂಬ ಪದದಲ್ಲಿ ಕರ್ತೃ ಕಾಣುವುದಿಲ್ಲ. ಯಾರು ಹಬ್ಬಿಸುತ್ತಾರೆ, ಯಾರ ದುಡ್ಡಿನಲ್ಲಿ ಎಂಬುದು ಅದರಲ್ಲಿ ಅಡಗಿಹೋಗುತ್ತದೆ. ಕನ್ನಡದ ಕ್ರಿಯಾಪದ ಅದನ್ನು ಅಡಗಿಸಲು ಬಿಡುವುದಿಲ್ಲ, ನಮಗದು ಅನುಕೂಲವೇ. ‘ಹಬ್ಬು’ ಬೇರೆ, ‘ಹಬ್ಬಿಸು’ ಬೇರೆ. ಮೊಬೈಲಿನಲ್ಲಿ ಹಣ ಕಳಿಸುವ ಕೆನ್ಯಾದ ಸೇವೆ ಎಂ-ಪೆಸಾ ಹಬ್ಬಿತು. ಬ್ರಿಟನ್ನಿನ ಅಭಿವೃದ್ಧಿ ಇಲಾಖೆಯ ಸ್ಪರ್ಧಾ ನಿಧಿ ಸುಮಾರು 10 ಲಕ್ಷ ಪೌಂಡ್ ಕೊಟ್ಟಿತು, ವೊಡಾಫೋನ್ ತನ್ನ ಪಾಲು ಹಾಕಿತು. 2007ರಲ್ಲಿ ಸೇವೆ ಶುರುವಾದ ಮೇಲೆ ಅದನ್ನು ಮುಂದಕ್ಕೆ ಒಯ್ದದ್ದು ಬಳಕೆದಾರರು ಕೊಟ್ಟ ಶುಲ್ಕ. ನೀರಿನ ಕ್ಲೋರಿನ್ ಡಿಸ್ಪೆನ್ಸರ್ ಹಾಗೆ ತಾನಾಗಿ ಹಬ್ಬುವಂಥದ್ದಲ್ಲ, ಅದನ್ನು ಯಾರಾದರೂ ಹಬ್ಬಿಸಬೇಕು. ಬಾವಿ, ಒರತೆಯ ಪಕ್ಕ ಕಂಬಕ್ಕೆ ಕೂರಿಸಿದ ಒಂದು ತೊಟ್ಟಿ ಅದು. 20 ಲೀಟರಿನ ಕ್ಯಾನನ್ನು ಅದರ ಕೆಳಗಿಟ್ಟು ತಿರುಪು ತಿರುಗಿಸಿದರೆ ಅಳತೆಯಷ್ಟೇ ಔಷಧ ಬೀಳುತ್ತದೆ, ಮನೆ ಮುಟ್ಟುವಷ್ಟರಲ್ಲಿ ನೀರಿನಲ್ಲಿ ಬೆರೆತಿರುತ್ತದೆ. ಊರಿನವರೊಬ್ಬರು ತೊಟ್ಟಿ ತುಂಬಿಸುತ್ತಿರಬೇಕು, ಅವರಿಗೆ ಕ್ಲೋರಿನ್ ಹೊತ್ತ ಗಾಡಿ ತಪ್ಪದೆ ಬರಬೇಕು. ಇಲ್ಲಿ ಹಬ್ಬಿಸಬೇಕಾದ್ದು ಆ ಗಾಡಿಯ ಸುತ್ತನ್ನು. ತೊಟ್ಟಿಗಳನ್ನಷ್ಟೇ ಎಣಿಸಿ ‘ಇಷ್ಟು ಸಾವಿರ ಊರು ಮುಟ್ಟಿದ್ದೇವೆ’ ಎನ್ನುವ ವರದಿಯಲ್ಲಿ ಖಾಲಿ ತೊಟ್ಟಿಗಳೂ ಸೇರಿಬಿಡುತ್ತವೆ.

ಹಾಗಾಗಿ ಒಂದೇ ಪದಕ್ಕೆ ಅಂಟಿಕೊಳ್ಳಬೇಡಿ. ಅದೇ ಸಂಸ್ಥೆ ಇನ್ನಷ್ಟು ಊರಿಗೆ ಹೋದರೆ ‘ವ್ಯಾಪ್ತಿ ಹೆಚ್ಚಿಸುವುದು’. ಸರ್ಕಾರ ತನ್ನ ಸಿಬ್ಬಂದಿ, ತನ್ನ ಬಜೆಟ್ಟಿನಲ್ಲಿ ನಡೆಸಿದರೆ ‘ವ್ಯಾಪಕ ಜಾರಿ’. ಬಳಸುವವರೇ ದುಡ್ಡು ಕೊಟ್ಟು ಮುಂದುವರಿಸಿದರೆ ‘ಮಾರುಕಟ್ಟೆಯಲ್ಲಿ ಹಬ್ಬುವುದು’. ಮೂರನ್ನೂ ಒಟ್ಟಿಗೆ ಹೇಳಬೇಕಾದ ಕಡೆ ‘ಹಬ್ಬಿಸುವಿಕೆ’ ಎನ್ನಬಹುದು. ತಲೆಬರಹಕ್ಕೆ ‘ಸ್ಕೇಲಿಂಗ್’ ಎಂದೇ ಇದ್ದರೂ ನನ್ನ ತಕರಾರಿಲ್ಲ.

‘ವ್ಯಾಪಕ ಜಾರಿ’ಗೆ ಬೇರೆ ಪದ ಯಾಕೆ ಬೇಕು ಅನ್ನಿಸಿದರೆ ಕೆನ್ಯಾದ ಗುತ್ತಿಗೆ ಶಿಕ್ಷಕರ ಅಧ್ಯಯನ ನೋಡಿ. ಅಧ್ಯಯನಕ್ಕೆ 192 ಶಾಲೆಗಳು, ಯೋಜನೆ ಒಂದೇ. ಕೆಲವು ಶಾಲೆಗಳಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸಿತು, ಕೆಲವು ಕಡೆ ಸರ್ಕಾರ. ಸಂಸ್ಥೆ ನಡೆಸಿದ ಕಡೆ ಮಕ್ಕಳ ಅಂಕ ಏರಿತು, ಸರ್ಕಾರ ನಡೆಸಿದ ಕಡೆ ಏರಲಿಲ್ಲ. ಸಂಬಳ ತಡವಾಗುವುದು, ಮೇಲ್ವಿಚಾರಣೆ ಸಡಿಲಾಗುವುದು, ಶಿಕ್ಷಕರ ಸಂಘದ ವಿರೋಧ ಇವೆಲ್ಲ ಅಲ್ಲಿದ್ದವು. ಯೋಜನೆಯ ಹಾಳೆಯಲ್ಲಿ ಒಂದಕ್ಷರ ಬದಲಾಗದಿದ್ದರೂ ನಡೆಸುವ ಕೈ ಬದಲಾಗಿತ್ತು. ಕರ್ತೃವನ್ನು ನುಂಗುವ ಪದ ಈ ವ್ಯತ್ಯಾಸವನ್ನೂ ನುಂಗುತ್ತದೆ.

ದೊಡ್ಡದಾದಾಗ ಫಲ ತೆಳುವಾಗುವುದಕ್ಕೆ ‘ಸತ್ವ ಕುಗ್ಗುವುದು’ ಎಂಬ ನಮ್ಮ ಮಾತೇ ಸಾಕು. ಅಮೆರಿಕದ ಟೆನೆಸಿಯಲ್ಲಿ 1985ರಿಂದ ನಡೆದ ಪರೀಕ್ಷೆಯಲ್ಲಿ 22ರಿಂದ 25 ಮಕ್ಕಳ ತರಗತಿಗಿಂತ 13ರಿಂದ 17 ಮಕ್ಕಳ ತರಗತಿಯಲ್ಲಿ ಕಲಿಕೆ ಚೆನ್ನಾಗಿತ್ತು. 1996ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಎಲ್ಲೆಡೆ ಕೆಳ ತರಗತಿಗಳನ್ನು 20 ಮಕ್ಕಳಿಗೆ ಇಳಿಸಹೊರಟಿತು. ಒಮ್ಮೆಲೇ ಅಷ್ಟು ಶಿಕ್ಷಕರು ಸಿಗಲಿಲ್ಲ, ಪೂರ್ಣ ಅರ್ಹತೆ ಇಲ್ಲದವರನ್ನೂ ತೆಗೆದುಕೊಳ್ಳಬೇಕಾಯಿತು. ಅಲ್ಲಿ ತರಗತಿ ಚಿಕ್ಕದಾಯಿತು, ಕಲಿಸುವವರ ಸತ್ವ ಕುಗ್ಗಿತು. ಇದೇ ಕಾರಣಕ್ಕೆ ಅರ್ಜಿದಾರರ ‘ತಲಾವೆಚ್ಚ’ದ ಅಂಕಣದ ಪಕ್ಕ ‘ಹತ್ತುಪಟ್ಟು ಆದಾಗ ಯಾವ ಸಿಬ್ಬಂದಿ, ಯಾವ ಸಾಮಗ್ರಿ ಸಿಗದೆ ಹೋಗಬಹುದು?’ ಎಂಬ ಸಾಲೂ ಇರಲಿ. ಇಂಗ್ಲಿಷ್ ನಮೂನೆಯಲ್ಲಿ ಇಲ್ಲದಿದ್ದರೆ ಮೂಲದವರಿಗೂ ಸೂಚಿಸಿ.

*

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ. ಪೈಲಟ್ ಮತ್ತು ಹಣದ ಪದಗಳ ಬಗ್ಗೆ ನಾನು ಬರೆಯುತ್ತೇನೆ.

ಪತ್ರಿಕೆಗಳ ‘ಪ್ರಾಯೋಗಿಕವಾಗಿ ಜಾರಿ’ ಪೈಲಟ್‌ಗೆ ಒಗ್ಗಿಹೋಗಿದೆ. ಆದರೆ ಕೈಪಿಡಿಯಲ್ಲಿ ಟ್ರಯಲ್ ಜೊತೆಗೇ ಬರುವುದರಿಂದ ಬೇರೆ ಮಾಡಲೇಬೇಕು. ಪೈಲಟ್ ಕೇಳುವುದು ‘ಇದು ನಡೆಯುತ್ತದೆಯೇ?’ ಎಂದು: ಸಿಬ್ಬಂದಿ ಮಾಡಬಲ್ಲರೇ, ಜನ ಬಳಸುತ್ತಾರೆಯೇ. ಎಂ-ಪೆಸಾದ ಮೊದಲ ರೂಪ ಕಿರುಸಾಲದ ಕಂತು ಕಟ್ಟಲೆಂದು ಮಾಡಿದ್ದು. ಪೈಲಟ್ಟಿನಲ್ಲೇ ಜನ ಒಬ್ಬರಿಗೊಬ್ಬರು ಹಣ ಕಳಿಸತೊಡಗಿದರು, ಸೇವೆಯ ದಿಕ್ಕೇ ಬದಲಾಯಿತು. ಟ್ರಯಲ್ ಕೇಳುವುದು ‘ಇದರಿಂದಲೇ ಬದಲಾವಣೆ ಆಯಿತೇ?’ ಎಂದು. ಅದಕ್ಕೆ ಚೀಟಿ ಎತ್ತಿದಂತೆ ಕೆಲವು ಊರುಗಳಿಗೆ ಕೊಟ್ಟು, ಕೆಲವಕ್ಕೆ ಕೊಡದೆ, ಎರಡನ್ನೂ ಹೋಲಿಸಿ ನೋಡಬೇಕು. ಮೊದಲನೆಯದಕ್ಕೆ ‘ಪೂರ್ವಪ್ರಯೋಗ’, ಎರಡನೆಯದಕ್ಕೆ ‘ಪರಿಣಾಮ ಪರೀಕ್ಷೆ’ ಎಂಬುದು ನನ್ನ ಸಲಹೆ. ‘ರ್ಯಾಂಡಮ್’ಗೆ ಬಳಸುವ ‘ಯಾದೃಚ್ಛಿಕ’ ಎಂಬುದನ್ನು ಕೈಪಿಡಿಗೆ ಇಟ್ಟುಕೊಳ್ಳಿ, ಅರ್ಜಿಯಲ್ಲಿ ‘ಚೀಟಿ ಎತ್ತಿ ಆರಿಸಿದ’ ಎಂದೇ ಬರೆಯಿರಿ.

ಪೂರ್ವಪ್ರಯೋಗ ಮುಗಿಸಿದವರು ‘ಪ್ರಾಯೋಗಿಕವಾಗಿ ಸಾಬೀತಾಗಿದೆ’ ಎಂದು ಬರೆದುಬಿಡುವುದು ಈ ಒಂದೇ ಪದದಿಂದ. ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬಾಂಗ್ಲಾದೇಶದಲ್ಲಿ 2008ರಲ್ಲಿ ಹಸಿವಿನ ತಿಂಗಳುಗಳಲ್ಲಿ ಪಟ್ಟಣಕ್ಕೆ ದುಡಿಯಲು ಹೋಗಲೆಂದು ಕುಟುಂಬಕ್ಕೆ ಸುಮಾರು 8.50 ಡಾಲರ್ ಕೊಟ್ಟಾಗ ವಲಸೆ ಸ್ಪಷ್ಟವಾಗಿ ಹೆಚ್ಚಿತ್ತು. ಅದನ್ನು ದೊಡ್ಡದು ಮಾಡಿ 2017ರಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಕಾಣಲಿಲ್ಲ. ನಡೆಸುತ್ತಿದ್ದ ಸಂಸ್ಥೆ ಅದನ್ನು ಬಹಿರಂಗವಾಗಿ ಹೇಳಿ 2019ರಲ್ಲಿ ಕಾರ್ಯಕ್ರಮ ನಿಲ್ಲಿಸಿತು. ಹಾಗಾಗಿ ಕೈಪಿಡಿಯಲ್ಲಿ ‘ಹಬ್ಬಿಸಿದ ನಂತರದ ಪರೀಕ್ಷೆ’ಗೂ ಒಂದು ಹೆಸರು, ಒಂದು ಅಂಕಣ ಬೇಕು.

ಹಣದ ಪದಗಳಿಗೆ ಬಂದರೆ, ಗ್ರಾಂಟ್ ಎಂದರೆ ‘ಅನುದಾನ’. ‘ಸಹಾಯಧನ’ ಬೇಡ, ಅದು ಫಲಾನುಭವಿಗೆ ಸಿಗುವ ಸಬ್ಸಿಡಿ. ಟ್ರಾಂಚ್‌ಗೆ ‘ಕಂತು’ ಸರಿ, ಆದರೆ ಸಾಲ ತೀರಿಸುವುದೂ ಕಂತೇ. 2014ರಲ್ಲಿ ಶುರುವಾದ ಗ್ಲೋಬಲ್ ಇನ್ನೋವೇಶನ್ ಫಂಡ್‌ನಂಥವು ಅನುದಾನದ ಜೊತೆಗೆ ಸಾಲ, ಷೇರು ಬಂಡವಾಳ ಎರಡನ್ನೂ ಕೊಡುತ್ತವೆ. ಅಂಥ ಒಪ್ಪಂದದಲ್ಲಿ ‘ಬಿಡುಗಡೆ ಕಂತು’, ‘ಮರುಪಾವತಿ ಕಂತು’ ಎಂದು ಬಿಡಿಸಿ ಬರೆಯದಿದ್ದರೆ ಜಗಳ ಖಂಡಿತ.

ಮ್ಯಾಚಿಂಗ್ ಎಂದರೆ ಅನುದಾನ ಪಡೆಯುವವರು ಬೇರೆ ಮೂಲದಿಂದ ತರಬೇಕಾದ ಪಾಲು, ಅದು ‘ಸಮಪಾಲು’ ಅಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ ‘ಇನ್ವೆಸ್ಟಿಂಗ್ ಇನ್ ಇನ್ನೋವೇಶನ್’ ನಿಧಿ 2010ರಲ್ಲಿ ಖಾಸಗಿ ಮೂಲದಿಂದ ಕೇಳಿದ್ದು ಶೇ. 20 ಮಾತ್ರ. ‘ವಂತಿಗೆ’ ಎಂದು ಬರೆದು ಶೇಕಡಾವಾರು ನಮೂದಿಸಿ. ಆ ನಿಧಿಯಲ್ಲಿ ಮೂರು ಮೆಟ್ಟಿಲುಗಳಿದ್ದವು: 50 ಲಕ್ಷ, 3 ಕೋಟಿ, 5 ಕೋಟಿ ಡಾಲರ್‌ವರೆಗೆ. ಮೇಲಿನ ಮೆಟ್ಟಿಲಿಗೆ ಹೋದಷ್ಟೂ ಪುರಾವೆ ಗಟ್ಟಿಯಿರಬೇಕಿತ್ತು. ಆದ್ದರಿಂದ ‘ಸ್ಟೇಜ್’ಗೆ ‘ಹಂತ’ಕ್ಕಿಂತ ‘ಮೆಟ್ಟಿಲು’ ನನಗೆ ಹಿಡಿಸುತ್ತದೆ. ಹಂತ ಕಾಲ ಕಳೆದಂತೆ ತಾನೇ ಬರುತ್ತದೆ, ಮೆಟ್ಟಿಲನ್ನು ಏರಬೇಕು.

ಕಂತು ಬಿಡುಗಡೆಯ ಷರತ್ತು ಬರೆಯುವಾಗ ‘ಮಾಡಿದ ಕೆಲಸ’ಕ್ಕೋ ‘ಆದ ಬದಲಾವಣೆ’ಗೋ ಎಂಬುದು ಸ್ಪಷ್ಟವಿರಲಿ. ‘ಫಲಿತಾಂಶ’ ಎಂದರೆ ಎರಡೂ ಆಗಿಬಿಡುತ್ತದೆ. ಇಂಗ್ಲೆಂಡಿನ ಪೀಟರ್‌ಬರೋ ಜೈಲಿನಲ್ಲಿ 2010ರಲ್ಲಿ ಶುರುವಾದ ಒಪ್ಪಂದ ಎರಡನೆಯ ಬಗೆಯದು. ಕೈದಿಗಳಿಗೆ ನೆರವಾಗುವ ಕೆಲಸಕ್ಕೆ ಖಾಸಗಿಯವರು ಹಣ ಹೂಡಿದ್ದರು. ಬಿಡುಗಡೆಯಾದವರು ಮತ್ತೆ ಅಪರಾಧ ಮಾಡುವುದು ಒಟ್ಟಾರೆ ಕನಿಷ್ಠ ಶೇ. 7.5 ಇಳಿದರೆ ಹೂಡಿದವರಿಗೆ ಹಣ. ಶೇ. 9 ಇಳಿದದ್ದು ತಿಳಿದದ್ದು 2017ರಲ್ಲಿ. ಬದಲಾವಣೆಗೆ ಕೊಡುವ ಹಣ ಅಷ್ಟು ತಡವಾಗಿ ಬರುತ್ತದೆ ಎಂಬುದು ಸಣ್ಣ ಸಂಸ್ಥೆಗಳಿಗೆ ಸಹಿ ಹಾಕುವ ಮುಂಚೆಯೇ ಗೊತ್ತಾಗಬೇಕು.

‘ನಾವೀನ್ಯತೆ’ಯಲ್ಲಿ ಭಾವಪ್ರತ್ಯಯ ಎರಡು ಸಲ ಬಂದಿದೆ, ‘ನಾವೀನ್ಯ’ವೇ ಸಾಕು. ಆದರೂ ಅದು ಗುಣವಾಚಿ, ‘ಮೂರು ನಾವೀನ್ಯಗಳು’ ಎಂದು ಎಣಿಸಲು ಬರುವುದಿಲ್ಲ. ಎಣಿಸುವ ಕಡೆ ‘ಹೊಸ ವಿಧಾನ’ ಎನ್ನಿ. ‘ಆವಿಷ್ಕಾರ’ ಬರೆದರೆ ಯಂತ್ರ ತಯಾರಿಸಿದವರು ಮಾತ್ರ ಅರ್ಜಿ ಹಾಕುತ್ತಾರೆ.

ಇನ್ನು ಆ ‘ಪ್ರಮಾಣದ ಹಾದಿ’ ಪ್ರಶ್ನೆ. ಅದನ್ನು ಹೀಗೆ ಒಡೆದು ಕೇಳಬಹುದು: ‘ನಮ್ಮ ಅನುದಾನ ಮುಗಿದ ಮೇಲೆ ಈ ಕೆಲಸವನ್ನು ಹೆಚ್ಚು ಊರುಗಳಲ್ಲಿ ಯಾರು ನಡೆಸುತ್ತಾರೆ? ಅದರ ಖರ್ಚು ಯಾರು ಭರಿಸುತ್ತಾರೆ? ಅವರು ಒಪ್ಪಿದ್ದಾರೆಯೇ? ಒಪ್ಪಿದ್ದರೆ ಪತ್ರ ಲಗತ್ತಿಸಿ.’