ಬೆಟ್ಟದ ಕಾಡಲ್ಲಿ ಜಿಂಕೆ ಕಾಣುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬೇಟೆಗೆ ಪರವಾನಗಿ ಇದೆ, ಸೀಸನ್ ಕೂಡ ಶುರುವಾಗಿದೆ. ಆದರೆ ಮೊದಲು ಕಾಡಂಚಿನಲ್ಲಿ ಆರಾಮಾಗಿ ಮೇಯುತ್ತಿದ್ದ ಜಿಂಕೆಗಳು ಈಗ ಮಾಯ. ದಟ್ಟ ಕಾಡು, ಎಲ್ಲೂ ದೂರಕ್ಕೆ ಕಣ್ಣು ಹಾಯುವುದಿಲ್ಲ. ಬೈನಾಕ್ಯುಲರ್ ಸುಮ್ನೆ ಕತ್ತಿಗೆ ಭಾರ.

ಜನರ ಓಡಾಟ ಜಾಸ್ತಿಯಾದರೆ ಅವು ದಾರಿಗಳಿಂದ ದೂರದ, ಕಡಿದಾದ ಇಳಿಜಾರಿನ ಪೊದೆಗಳನ್ನು ಸೇರಿಕೊಳ್ಳುತ್ತವೆ, ಹೆಚ್ಚಾಗಿ ರಾತ್ರಿಯೇ ಮೇಯುತ್ತವೆ ಅನ್ನುವುದು ಗೊತ್ತು. ಹಾಗಾಗಿ ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ನೋಡಿ ಜಾಗ ಗುರುತಿಸಿದ್ದೇನೆ. ಒಂದು, ಎರಡು ಗುಡ್ಡಗಳ ನಡುವಿನ ತಗ್ಗು. ಇನ್ನೊಂದು, ಇಳಿಜಾರಿನ ಮಧ್ಯದಲ್ಲಿ ಮೆಟ್ಟಿಲಿನಂತೆ ಸಮತಟ್ಟಾದ ಜಾಗ. ಅಲ್ಲಿ ಹಸಿ ಹಿಕ್ಕೆ ಇದೆ, ಗಂಡು ಜಿಂಕೆ ಕೊಂಬು ಉಜ್ಜಿದ ಮರಗಳೂ ಇವೆ. ಪ್ರಾಣಿ ಮಾತ್ರ ಇಲ್ಲ.

ನನ್ನ ತಲೆನೋವು ಗಾಳಿಯದು. ಬಿಸಿಲಿಗೆ ಇಳಿಜಾರು ಬೆಚ್ಚಗಾದ ಮೇಲೆ ಗಾಳಿ ಮೇಲಕ್ಕೆ ಏರುತ್ತದೆ, ಸಂಜೆ ತಂಪಾದಾಗ ಕೆಳಕ್ಕೆ ಇಳಿಯುತ್ತದೆ. ಅಂದರೆ ಬೆಳಗ್ಗೆ ಅವುಗಳಿಗಿಂತ ಮೇಲೆ, ಸಂಜೆ ಕೆಳಗೆ ಕೂರಬೇಕು ಅಲ್ವಾ? ಆದರೆ ಬೆಳಕು ಹರಿಯುವ ಮುಂಚೆ ಮೇಲೆ ಹೋಗಿ ಕೂತರೆ ಗಾಳಿ ಇನ್ನೂ ಕೆಳಕ್ಕೇ ಇಳಿಯುತ್ತಿರುತ್ತದೆ. ನನ್ನ ವಾಸನೆ ನೇರ ಅವುಗಳ ಮೂಗಿಗೆ! ಜಿಂಕೆ ಓಡಾಡುವುದೂ ಅದೇ ಹೊತ್ತಿನಲ್ಲಿ. ಇದನ್ನು ನೀವು ಹೇಗೆ ನಿಭಾಯಿಸುತ್ತೀರಿ? ಪಕ್ಕದಿಂದ ಹತ್ತಿ ಬರುವುದಾ, ಅಥವಾ ಬಿಸಿಲು ಬಿದ್ದ ಮೇಲೆಯೇ ಹೋಗುವುದಾ?

ಮತ್ತೆ, ಇಂಥ ಕಾಡಲ್ಲಿ ಒಂದೇ ಕಡೆ ಕೂರುವುದು ಒಳ್ಳೆಯದೋ, ನಿಂತು ನಿಂತು ನಿಧಾನವಾಗಿ ನಡೆಯುವುದೋ? ಒಣ ಎಲೆಯ ಸದ್ದು ಬೇರೆ. ಮಳೆ ಬಿದ್ದ ಮೇಲೆ ಮಾತ್ರ ನಡೆಯುವವರು ಇದ್ದೀರಾ?

ಬೆಟ್ಟದಲ್ಲಿ ಓಡಾಡಿ ಗೊತ್ತಿರುವವರು ಹೇಳಿ. "ತಾಳ್ಮೆ ಇರಲಿ" ಅನ್ನುವ ಉತ್ತರ ಮಾತ್ರ ಬೇಡ, ಅದು ಸಾಕಷ್ಟಿದೆ.